ಗಂಡೋ ಹೆಣ್ಣೋ? ಮೊದಲು ನಿಮ್ಮ ಬೇಲಿ ನೋಡಿ

ಹೋದ ಸಂಚಿಕೆಯಲ್ಲಿ ಮುಧೋಳ ನಾಯಿಮರಿಯ ಬಗ್ಗೆ ಒಂದು ಪ್ರಶ್ನೆಗೆ ಉತ್ತರ ಬರೆದಿದ್ದೆ. ಅದರ ಬೆನ್ನಿಗೇ ಬಂದ ಕಾಗದಗಳೆಲ್ಲ ಹೆಚ್ಚುಕಡಿಮೆ ಒಂದನ್ನೇ ಕೇಳುತ್ತಿವೆ: ಕೆಲಸಕ್ಕೆ ಗಂಡುನಾಯಿ ಒಳ್ಳೆಯದೋ, ಹೆಣ್ಣುನಾಯಿ ಒಳ್ಳೆಯದೋ? ಕೇಳುವವರ ಕೆಲಸ ಮಾತ್ರ ಬೇರೆ ಬೇರೆ. ಒಬ್ಬರಿಗೆ ಕುರಿ ಕಾಯಬೇಕು, ಇನ್ನೊಬ್ಬರಿಗೆ ಕಾಫಿ ತೋಟ, ಮತ್ತೊಬ್ಬರದು ಮಹಡಿ ಮನೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ನಾಯಿಗಳದ್ದು. ಎಮ್ಮೆಗೆ ಕೆಚ್ಚಲು ಬಾವು ಎಂದು ಬರೆದಿದ್ದ ರಾಣೆಬೆನ್ನೂರಿನವರಿಗೆ ಆಗಲೇ ಫೋನಿನಲ್ಲಿ ಉತ್ತರ ಹೇಳಿದ್ದಾಗಿದೆ. ಅದು ಮುಂದಿನ ಸಂಚಿಕೆಯವರೆಗೆ ಕಾಯುವ ಕಾಯಿಲೆಯಲ್ಲ.

ಪ್ರಶ್ನೆ: ನಮ್ಮದು ಕುರಿ ಸಾಕೋ ಮನೆತನ. ದೀಪಾವಳಿ ಮುಗಿದ ಮ್ಯಾಲ ಹಿಂಡು ಹೊಡಕೊಂಡು ಹೊಳಿಸಾಲಿನ ಕಡೆ ಹೋಗ್ತೀವಿ, ತಿಂಗಳಗಟ್ಟಲೆ ಅಡವ್ಯಾಗ ಇರ್ತೀವಿ. ತ್ವಾಳದ ಕಾಟ ಐತಿ. ಪರಿಚಯದವರ ಮನ್ಯಾಗ ಮುಧೋಳ ನಾಯಿ ಮರಿ ಹಾಕೇತಿ, ಎರಡು ಗಂಡು, ಮೂರು ಹೆಣ್ಣು. ನಮ್ಮಪ್ಪ ಗಂಡೇ ಬೇಕಂತಾನ. ಹೆಣ್ಣು ತಂದ್ರ ಊರಾನ ನಾಯೆಲ್ಲಾ ಹಟ್ಟಿಗೆ ಬರ್ತಾವಂತ. ಯಾವುದು ತರೂಣು ಡಾಕ್ಟರಕ್ಕ?
– ಕುರಿಗಾರರೊಬ್ಬರು, ಬಾದಾಮಿ ತಾಲ್ಲೂಕು

ಉತ್ತರ: ನಿಮ್ಮಪ್ಪ ಹೇಳಿದ್ದರಲ್ಲಿ ಒಂದು ಮಾತು ಖರೆ ಐತಿ: ಹೆಣ್ಣು ಬೆದೆಗೆ ಬಂದರೆ ಊರ ನಾಯೆಲ್ಲ ಹಟ್ಟಿಗೆ ಬರುತ್ತವೆ. ಆದರೆ ಗಂಡು ತಂದರೆ ಏನಾಗುತ್ತದೆ ಎನ್ನುವುದನ್ನು ಅವರು ಹೇಳಿಲ್ಲ. ಬೇರೆ ಊರಿನ ಹೆಣ್ಣು ಬೆದೆಗೆ ಬಂದಾಗ ಅವರ ಹಟ್ಟಿಗೆ ಹೋಗುವುದು ನಿಮ್ಮ ನಾಯಿ. ಕಾರ್ತಿಕ ಮಾಸದಲ್ಲಿ ನಾಯಿಗಳು ಹೇಗಿರುತ್ತವೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ನೀವು ಹಿಂಡು ಹೊಡೆದುಕೊಂಡು ಹೊರಡುವುದೂ ಸರಿಯಾಗಿ ಅದೇ ಹೊತ್ತಿಗೆ. ಗಾಳಿಯಲ್ಲಿ ವಾಸನೆ ಸಿಕ್ಕಿದ ಗಂಡುನಾಯಿ ಕೂಳು ಬಿಡುತ್ತದೆ, ರಾತ್ರಿಯೆಲ್ಲ ಊಳಿಡುತ್ತದೆ, ಹಗ್ಗ ಹರಿದುಕೊಂಡು ಹೋಗಿ ಮೂರು ದಿನ ಬಿಟ್ಟು ಕಿವಿ ಹರಿದುಕೊಂಡು ಬರುತ್ತದೆ. ಆ ಮೂರು ದಿನ ಹಿಂಡು ಕಾಯುವವರು ಯಾರು? ಹೆಣ್ಣಿನ ಬೆದೆ ಆರೇಳು ತಿಂಗಳಿಗೊಮ್ಮೆ, ಕೆಲವಕ್ಕೆ ವರ್ಷಕ್ಕೊಮ್ಮೆ ಬರುತ್ತದೆ, ಸುಮಾರು ಮೂರು ವಾರ ಇರುತ್ತದೆ. ಅದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟುಕೊಳ್ಳಬಹುದು. ಗಂಡಿನ ಅಲೆದಾಟಕ್ಕೆ ಕ್ಯಾಲೆಂಡರ್ ಇಲ್ಲ.

ಇನ್ನು ಕೆಲಸ. ಮುಧೋಳ ನಾಯಿ ಮೂಗಿಗಿಂತ ಕಣ್ಣನ್ನು ನಂಬಿ ಓಡುವ ಜಾತಿ. ದೂರದಲ್ಲಿ ಅಲುಗಿದ್ದನ್ನು ಹಿಡಿದು, ನೀವು ಕೋಲು ಎತ್ತಿಕೊಳ್ಳುವಷ್ಟರಲ್ಲಿ ಅಲ್ಲಿಗೆ ಮುಟ್ಟಿರುತ್ತದೆ. ಎತ್ತರ ಗಂಡಿಗೆ 68ರಿಂದ 72 ಸೆಂಟಿಮೀಟರ್, ಹೆಣ್ಣಿಗೆ 64ರಿಂದ 68 ಎಂದು ತಳಿಯ ಅಳತೆ ಹೇಳುತ್ತದೆ. ಅಂದರೆ ಭುಜದ ಹತ್ತಿರ ನಾಲ್ಕು ಬೆರಳಿಗಿಂತ ಕಡಿಮೆ ಅಂತರ. ತೋಳನ ಮುಂದೆ ಆ ನಾಲ್ಕು ಬೆರಳು ಯಾವ ಲೆಕ್ಕಕ್ಕೂ ಬರುವುದಿಲ್ಲ. ಸಣಕಲು ಮೈಯ ಈ ನಾಯಿ, ಗಂಡಾಗಲಿ ಹೆಣ್ಣಾಗಲಿ, ಒಂಟಿಯಾಗಿ ತೋಳಗಳ ಗುಂಪಿಗೆ ಬಿದ್ದರೆ ಉಳಿಯುವುದು ಕಷ್ಟ. ಅದರ ಕೆಲಸ ಮೊದಲು ಕಂಡು, ಕೂಗಿ, ಓಡಿಸುವುದು. ಉಳಿದದ್ದಕ್ಕೆ ನೀವಿದ್ದೀರಿ, ಜೊತೆಗೆ ಮೈಕಟ್ಟಿನ ನಾಟಿ ನಾಯಿ ಒಂದೆರಡು ಇರಲಿ. ಅಮೆರಿಕದಲ್ಲಿ ಕುರಿ ಕಾಯುವ ನಾಯಿಗಳ ಬಗ್ಗೆ ಸಾಕಿದವರನ್ನೇ ಕೇಳಿ ಮಾಡಿದ ಸಮೀಕ್ಷೆಗಳಲ್ಲೂ ಕಾವಲಿನ ಯಶಸ್ಸಿನಲ್ಲಿ ಗಂಡು ಹೆಣ್ಣೆಂಬ ಭೇದ ಸಿಕ್ಕಿಲ್ಲ. ನಾನು ಬಾಗಲಕೋಟೆ, ಬೆಳಗಾವಿ ಕಡೆ ಸೇವೆಯಲ್ಲಿದ್ದಾಗ ಹಟ್ಟಿಗಳಲ್ಲಿ ಕಂಡದ್ದೂ ಅದನ್ನೇ.

ಗಂಡಿನ ಕೆಲಸವೇ ಹೆಚ್ಚು ಎನ್ನುವವರು ರಿಯಾಳ ಹೆಸರು ಕೇಳಿರಲಿ. ಗಡಿ ಭದ್ರತಾ ಪಡೆಯಲ್ಲಿ ತರಬೇತಾದ ಮುಧೋಳ ಹೆಣ್ಣು. 2024ರಲ್ಲಿ ಲಖನೌದಲ್ಲಿ ನಡೆದ ಅಖಿಲ ಭಾರತ ಪೊಲೀಸ್ ಕರ್ತವ್ಯ ಕೂಟದಲ್ಲಿ ವಿದೇಶಿ ತಳಿಗಳನ್ನೆಲ್ಲ ಹಿಂದೆ ಹಾಕಿ ಮೊದಲ ಬಹುಮಾನ ಗೆದ್ದಳು. ನಮ್ಮ ನೆಲದ ನಾಯಿ, ಅದರಲ್ಲೂ ಹೆಣ್ಣು. ಈ ಸುದ್ದಿ ಓದಿದ ದಿನ ನಾನು ಮನೆಯಲ್ಲಿ ಹೋಳಿಗೆ ಮಾಡಿದ್ದೆ, ಅದು ಬೇರೆ ಮಾತು.

ಲೋಕಾಪುರದ ಕಡೆ ಒಬ್ಬ ಹಿರಿಯ ಕುರಿಗಾರರು ಮರಿ ಆರಿಸುವುದನ್ನು ನೋಡಿದ್ದೇನೆ. ಮರಿಯನ್ನು ಮಗುಚಿ ಗಂಡೋ ಹೆಣ್ಣೋ ಎಂದು ನೋಡುವ ಕೆಲಸವನ್ನೇ ಅವರು ಕೊನೆಗೆ ಇಟ್ಟುಕೊಳ್ಳುತ್ತಿದ್ದರು. ಮೊದಲು ತಾಯಿಯನ್ನು ಕಟ್ಟಿದಲ್ಲಿಂದ ಬಿಚ್ಚಿಸಿ ಓಡಿಸುವುದು, ಆಮೇಲೆ ಕುರಿಗಳ ನಡುವೆ ಬಿಟ್ಟು ಅದು ಏನು ಮಾಡುತ್ತದೆ ಎಂದು ನೋಡುವುದು. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎನ್ನುವುದು ಅವರಿಗೆ ನಾಯಿಯ ವಿಷಯದಲ್ಲಿ ಅಕ್ಷರಶಃ ಸತ್ಯ. ಮಗನಿಗೂ ತಾಯಿಯೇ ಲೆಕ್ಕ. ನೀವೂ ಹಾಗೇ ಮಾಡಿ. ತಾಯಿ ಕುರಿಮರಿಯನ್ನು ಅಟ್ಟಿಸಿಕೊಂಡು ಹೋಗುತ್ತದೆಯೇ, ಅಪರಿಚಿತರನ್ನು ಕಂಡು ಮಂಚದಡಿ ಸೇರುತ್ತದೆಯೇ, ಆ ಮನೆಯ ಮಕ್ಕಳ ಜೊತೆ ಹೇಗಿದೆ, ಎಲ್ಲ ನೋಡಿ. ಆಮೇಲೆ ಮರಿಗಳು ಏಳೆಂಟು ವಾರದವಾದಾಗ ಹೋಗಿ ಅವುಗಳ ಹಿಂದೆ ಒಂದು ತಟ್ಟೆ ಬೀಳಿಸಿ. ಎಲ್ಲ ಮರಿಗಳೂ ಬೆಚ್ಚುತ್ತವೆ. ಬೆಚ್ಚಿದ ಮೇಲೆ ತಿರುಗಿ ಬಂದು ತಟ್ಟೆಯನ್ನು ಮೂಸುವ ಮರಿ ನಿಮ್ಮದು. ಮೂಲೆ ಸೇರಿ ನಡುಗುತ್ತಲೇ ಇರುವುದು ಬೇಡ, ಅದು ಎಷ್ಟೇ ಎತ್ತರದ ಗಂಡಾಗಿರಲಿ.

ತಂದ ದಿನದಿಂದ ಮರಿಯನ್ನು ಕುರಿಮರಿಗಳ ದೊಡ್ಡಿಯಲ್ಲೇ ಮಲಗಿಸಿ. ಎರಡು ತಿಂಗಳಿಂದ ನಾಲ್ಕು ತಿಂಗಳವರೆಗಿನ ವಯಸ್ಸಿನಲ್ಲಿ ಯಾರ ಜೊತೆ ಬೆಳೆಯುತ್ತದೋ ಅವರನ್ನು ತನ್ನವರೆಂದುಕೊಳ್ಳುತ್ತದೆ. ಮುದ್ದು ಮಾಡಿ ಮನೆಯೊಳಗೆ ಇಟ್ಟುಕೊಂಡು ಆರು ತಿಂಗಳಾದ ಮೇಲೆ ಹಿಂಡಿಗೆ ಬಿಟ್ಟರೆ ಅದಕ್ಕೆ ಕುರಿಯೂ ಮೊಲವೂ ಒಂದೇ. ಹಿಂಡು ಹಾಳು ಮಾಡುವ ಮುಧೋಳ ನಾಯಿಗಳ ಕಥೆ ಕೇಳಿದ್ದೀರಲ್ಲ, ಅವುಗಳಲ್ಲಿ ಹೆಚ್ಚಿನವು ಹೀಗೆ ಬೆಳೆದವು. ಜೋಳದ ನುಚ್ಚು, ರೊಟ್ಟಿ, ಮಜ್ಜಿಗೆಯ ಜೊತೆ ದಿನಕ್ಕೊಂದು ಬೇಯಿಸಿದ ಮೊಟ್ಟೆ ಬೀಳಲಿ.

ಈಗ ನಿಮ್ಮಪ್ಪನ ಅಂಜಿಕೆಗೆ ಬರೋಣ. ಹೆಣ್ಣು ತಂದರೆ ಬೆದೆಯ ಲೆಕ್ಕ ಗೊತ್ತಿರಬೇಕು. ಮೊದಲು ಬಾವು, ಆಮೇಲೆ ರಕ್ತ. ಸುಮಾರು ಒಂಬತ್ತು ಹತ್ತು ದಿನ ಗಂಡುಗಳು ಸುತ್ತುತ್ತವೆ, ಇವಳು ಹತ್ತಿರ ಬಿಡುವುದಿಲ್ಲ. ಆಮೇಲೆ ರಕ್ತ ತಿಳಿಯಾಗಿ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. ಇಲ್ಲೇ ಎಲ್ಲರೂ ಎಡವುವುದು. ರಕ್ತ ನಿಂತಿತು, ಬೆದೆ ಮುಗಿಯಿತು ಎಂದು ಬಿಚ್ಚಿ ಬಿಡುತ್ತಾರೆ. ಗಬ್ಬ ನಿಲ್ಲುವುದು ಆ ದಿನಗಳಲ್ಲಿ. ಬಾಲ ಪಕ್ಕಕ್ಕೆ ತಿರುಗಿಸಿ ನಿಲ್ಲುತ್ತಿದ್ದರೆ ಇನ್ನೂ ಒಂದು ವಾರ, ಹತ್ತು ದಿನ ಕಾವಲು ಬೇಕು. ಅಡವಿಯಲ್ಲಿ ಅದು ಆಗದ ಮಾತು. ಆ ಮೂರು ವಾರ ಊರಲ್ಲಿ ಬಾಗಿಲಿರುವ ಮನೆಯಲ್ಲಿ ಯಾರಾದರೂ ಇಟ್ಟುಕೊಳ್ಳುವುದಾದರೆ ಸರಿ. ಇಲ್ಲದಿದ್ದರೆ ಮರಿಯಾಗದಂತೆ ಆಪರೇಷನ್ ಮಾಡಿಸಿ. ಮುಧೋಳ ತಳಿ ಉಳಿಸಬೇಕು ಎನ್ನುವ ಆಸೆ ಇದ್ದರೆ ಇನ್ನೊಂದು ತಿಳಿದಿರಲಿ: ಒಂದೇ ಬೆದೆಯಲ್ಲಿ ಎರಡು ಗಂಡು ಸೇರಿದರೆ ಒಂದೇ ಸೂಲಿನಲ್ಲಿ ಎರಡು ತಂದೆಯ ಮರಿಗಳು ಹುಟ್ಟುತ್ತವೆ. ಒಳ್ಳೆಯ ಗಂಡಿಗೆ ಕೊಡಿಸಿಕೊಂಡು ಬಂದು ಮರುದಿನ ಬಿಟ್ಟುಬಿಟ್ಟರೆ ಮಾಡಿದ್ದೆಲ್ಲ ನೀರುಪಾಲು. ಜೋಡಿಗೆ ಗಂಡು ಬೇಕಾದಾಗ ಮುಧೋಳದ ಹತ್ತಿರ ತಿಮ್ಮಾಪುರದಲ್ಲಿರುವ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರದಲ್ಲಿ ವಿಚಾರಿಸಿ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ ಈ ತಳಿಗೆಂದೇ ನಡೆಸುವ ಕೇಂದ್ರ ಅದು.

ಆಪರೇಷನ್‌ಗೆ ಕರೆದೊಯ್ದಾಗ ಇದು ಮುಧೋಳ ನಾಯಿ ಎಂದು ವೈದ್ಯರಿಗೆ ಬಾಯಿ ಬಿಟ್ಟು ಹೇಳಿ. ಮೈಯಲ್ಲಿ ಕೊಬ್ಬಿಲ್ಲದ ಈ ಓಟದ ಜಾತಿಗಳಿಗೆ ಥಯೋಪೆಂಟೋನ್‌ನಂಥ ಹಳೆಯ ಅರಿವಳಿಕೆ ಬೇಗ ಇಳಿಯುವುದಿಲ್ಲ, ಎಚ್ಚರವಾಗಲು ಬಹಳ ಹೊತ್ತು ಹಿಡಿಯುತ್ತದೆ, ಕೆಲವೊಮ್ಮೆ ಅಪಾಯವೂ ಆಗುತ್ತದೆ. ಬೇರೆ ಔಷಧಗಳಿವೆ. ದೀಪಾವಳಿಗೆ ಒಂದು ತಿಂಗಳು ಮೊದಲೇ ಮಾಡಿಸಿದರೆ ಗಾಯ ಮಾಗಿ ಹೊರಡುವ ಹೊತ್ತಿಗೆ ಓಡುತ್ತಿರುತ್ತದೆ.

ನನ್ನನ್ನು ಕೇಳಿದರೆ, ಐದರಲ್ಲಿ ತಟ್ಟೆ ಮೂಸಿದ ಮರಿ ತನ್ನಿ. ಎರಡು ಮೂಸಿದರೆ ಹೆಣ್ಣನ್ನು ತನ್ನಿ. ಅಪ್ಪನಿಗೆ ನನ್ನ ನಮಸ್ಕಾರ ಹೇಳಿ, ಆಪರೇಷನ್ ಮಾತನ್ನು ಅವರಿಗೆ ಮೊದಲೇ ಹೇಳಿಬಿಡಿ.

ಪ್ರಶ್ನೆ: ಪೊಲೀಸ್ ಇಲಾಖೆಯವರು ಗಂಡುನಾಯಿಗಳನ್ನು ಮಾತ್ರ ತೆಗೆದುಕೊಳ್ಳುತ್ತಾರೆ ಎಂದು ನಮ್ಮ ಕಾಲೇಜಿನಲ್ಲಿ ಚರ್ಚೆ ಆಯಿತು. ನಿಜವೇ ಮೇಡಂ?
– ಪದವಿ ವಿದ್ಯಾರ್ಥಿ, ಹರಿಹರ

ಉತ್ತರ: ಹರಿಹರದಲ್ಲಿ ಕುಳಿತು ಈ ಪ್ರಶ್ನೆ ಕೇಳುತ್ತೀರಲ್ಲ! ನಿಮ್ಮದೇ ಜಿಲ್ಲೆಯ ಪೊಲೀಸ್ ಶ್ವಾನದಳದಲ್ಲಿದ್ದ ತುಂಗಾ ಡಾಬರ್‌ಮನ್ ಹೆಣ್ಣು. 2020ರ ಜುಲೈನಲ್ಲಿ ಒಂದು ಕೊಲೆ ಪ್ರಕರಣದಲ್ಲಿ ಹತ್ತು ಕಿಲೋಮೀಟರಿಗೂ ಹೆಚ್ಚು ದೂರ ಜಾಡು ಹಿಡಿದು ಓಡಿ ಪೊಲೀಸರನ್ನು ಆರೋಪಿಯ ಹತ್ತಿರ ಮುಟ್ಟಿಸಿದ್ದಳು. ಗಂಡುಗಳ ಹೆಸರೂ ಬೇಕಾದಷ್ಟಿವೆ. ಬಂಡೀಪುರದಲ್ಲಿ ಅರಣ್ಯ ಇಲಾಖೆಗೆ ದುಡಿದ ರಾಣಾ ಜರ್ಮನ್ ಶೆಫರ್ಡ್ ಗಂಡು. 1993ರ ಮುಂಬೈ ಸ್ಫೋಟದ ದಿನಗಳಲ್ಲಿ ಸಾವಿರಾರು ಕಿಲೋ ಸ್ಫೋಟಕ ಪತ್ತೆ ಹಚ್ಚಿದ ಝಂಜೀರ್ ಲ್ಯಾಬ್ರಡಾರ್ ಗಂಡು. ದಳಗಳು ನೋಡುವುದು ಮರಿಯ ಹುರುಪು, ಚೆಂಡಿಗಾಗಿ ಹಟ ಹಿಡಿಯುವ ಗುಣ, ಗದ್ದಲಕ್ಕೆ ಅಂಜದಿರುವುದು. ಹೆಣ್ಣಿದ್ದರೆ ಬೆದೆಯ ದಿನಗಳಲ್ಲಿ ಬೇರೆ ಗೂಡು, ಬೇರೆ ಹೊತ್ತಿನ ಕಸರತ್ತು ಎಂದು ಏರ್ಪಾಡು ಮಾಡಬೇಕು, ಗಂಡುಗಳ ಗಮನ ಕೆಡದಂತೆ ನೋಡಿಕೊಳ್ಳಬೇಕು. ಅಷ್ಟು ತಾಪತ್ರಯ ನಿಜ. ಕಚ್ಚಿ ಹಿಡಿಯುವ, ಮೈಬಲದ ಕೆಲಸಕ್ಕೆ ದೊಡ್ಡ ಮೈಯ ಗಂಡನ್ನು ಇಷ್ಟಪಡುವ ತರಬೇತುದಾರರಿದ್ದಾರೆ. ಮೂಗಿನ ಕೆಲಸಕ್ಕೆ ಆ ಮಾತು ಅನ್ವಯಿಸುವುದಿಲ್ಲ.

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮ ಕಾಫಿ ತೋಟ. ಈಗಾಗಲೇ ಮೂರು ವರ್ಷದ ಒಂದು ಗಂಡುನಾಯಿ ಇದೆ (ಲ್ಯಾಬ್ರಡಾರ್, ನಾಟಿ ಮಿಶ್ರ). ಮೆಣಸು, ಕಾಫಿ ಕೊಯ್ಲಿನ ಹೊತ್ತಿಗೆ ಕಣದಲ್ಲಿ ಕಾವಲಿಗೆ ಇನ್ನೊಂದು ಬೇಕು. ಹಿಂದೆ ಇದ್ದ ಹೆಣ್ಣುನಾಯಿಯನ್ನು ಚಿರತೆ ಹೊತ್ತುಕೊಂಡು ಹೋಯಿತು. ಹೆಣ್ಣಿಗೆ ಧೈರ್ಯ ಸಾಲದು, ಈ ಸಲ ಗಂಡೇ ತರೋಣ ಎನ್ನುತ್ತಾರೆ ತೋಟದ ಲೆಕ್ಕ ಬರೆಯುವ ರೈಟರು.
– ತೋಟದ ಮಾಲೀಕರು

ಉತ್ತರ: ಚಿರತೆ ಹೊತ್ತುಕೊಂಡು ಹೋಗಿದ್ದಕ್ಕೂ ಧೈರ್ಯಕ್ಕೂ ಸಂಬಂಧವಿಲ್ಲ ಸ್ವಾಮಿ. ಮಹಾರಾಷ್ಟ್ರದ ಅಕೋಲೆಯಲ್ಲಿ ಕಬ್ಬಿನ ಗದ್ದೆಗಳ ನಡುವೆ ಬದುಕುವ ಚಿರತೆಗಳ ಹಿಕ್ಕೆ ಪರೀಕ್ಷಿಸಿ ನೋಡಿದಾಗ ಅವುಗಳ ಆಹಾರದಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು ನಾಯಿಯದೇ ಇತ್ತು. ಹೊರಗೆ ಕಟ್ಟಿಹಾಕಿದ ನಾಯಿ ಚಿರತೆಗೆ ಬಡಿಸಿಟ್ಟ ಎಲೆ. ಧೈರ್ಯದ ಗಂಡು ಕತ್ತಲಲ್ಲಿ ಮುಂದೆ ನುಗ್ಗುವುದರಿಂದ ಇನ್ನೂ ಬೇಗ ಹೋಗುತ್ತದೆ, ಅಷ್ಟೇ. ಚಿಕ್ಕಮಗಳೂರು ಜಿಲ್ಲೆಯಲ್ಲಿ ನನ್ನ ಸೇವೆಯ ಕೊನೆಯ ವರ್ಷಗಳಲ್ಲಿ ಕುತ್ತಿಗೆಗೆ ಹಲ್ಲು ನಾಟಿದ ನಾಯಿಗಳಿಗೆ ಹೊಲಿಗೆ ಹಾಕುವುದು ನಮ್ಮ ಆಸ್ಪತ್ರೆಯಲ್ಲಿ ಹೊಸ ಸಂಗತಿಯಾಗಿರಲಿಲ್ಲ. ಬಂದದ್ದು ಬದುಕಿ ಉಳಿದವು ಮಾತ್ರ.

ಹಾಗಾಗಿ ನಾಯಿ ತರುವ ಮೊದಲು ಗೂಡು ಕಟ್ಟಿಸಿ. ಸಿಮೆಂಟಿನ ನೆಲ, ಗಟ್ಟಿ ಕಬ್ಬಿಣದ ಜಾಲರಿ, ಜಾಲರಿಯದೇ ಅಥವಾ ಶೀಟಿನ ಮುಚ್ಚಿದ ಮಾಡು, ಹೊರಗಿನಿಂದ ಚಿಲಕ. ಮಾಡು ತೆರೆದಿದ್ದರೆ ಗೂಡು ಇದ್ದೂ ಇಲ್ಲದಂತೆ. ಕಣದ ಪಕ್ಕದಲ್ಲೇ ಕಟ್ಟಿಸಿದರೆ ನಾಯಿ ಒಳಗಿದ್ದೇ ಬೊಗಳಿ ನಿಮ್ಮನ್ನು ಎಬ್ಬಿಸುತ್ತದೆ. ಕಾವಲು ಎಂದರೆ ಅಷ್ಟು ಸಾಕು. ಹಗಲಿನಲ್ಲಿ ತೋಟ ಸುತ್ತುವಾಗ ಕುತ್ತಿಗೆಗೆ ಮೊಳೆ ಹೊರಚಾಚಿದ ಅಗಲ ಪಟ್ಟಿ ಹಾಕಿ.

ಇದೇ ಗೂಡು ಬೆದೆಯ ದಿನಗಳಿಗೂ ಆಗುತ್ತದೆ ಎನ್ನುವುದು ನನ್ನ ಮುಂದಿನ ಮಾತು. ಮನೆಯಲ್ಲಿ ಗಂಡಿದ್ದಾಗ ಎರಡನೆಯದು ಹೆಣ್ಣಾಗಿದ್ದರೆ ಹೊಂದಾಣಿಕೆ ಸುಲಭ. ಎರಡು ಗಂಡು ಎರಡು ವರ್ಷದವರೆಗೆ ಚೆನ್ನಾಗಿಯೇ ಇರುತ್ತವೆ, ಚಿಕ್ಕದು ಪ್ರಾಯಕ್ಕೆ ಬಂದ ಮೇಲೆ ಅನ್ನದ ತಟ್ಟೆಯ ಹತ್ತಿರ, ಗೇಟಿನ ಹತ್ತಿರ ಕಚ್ಚಾಟ ಶುರು. ಗಂಡುಗಳ ಜಗಳದಲ್ಲಿ ಗದ್ದಲ ಹೆಚ್ಚು, ಒಂದು ಸೋತು ಮಲಗಿದರೆ ಹೆಚ್ಚಾಗಿ ಅಲ್ಲಿಗೆ ಮುಗಿಯುತ್ತದೆ. ಒಂದೇ ಮನೆಯ ಎರಡು ಹೆಣ್ಣುಗಳ ನಡುವೆ ದ್ವೇಷ ಹುಟ್ಟಿತೆಂದರೆ ಅದು ವರ್ಷಾನುಗಟ್ಟಲೆ ಆರುವುದಿಲ್ಲ. ಒಂದನ್ನು ಬೇರೆ ಮನೆಗೆ ಕೊಡಿಸಿದ ಪ್ರಸಂಗಗಳು ನನ್ನ ಬಳಿ ಇವೆ. ಈ ವಿಷಯದಲ್ಲಿ ಹೆಣ್ಣಿನ ಪರ ವಕಾಲತ್ತು ವಹಿಸಲಾರೆ.

ಹೆಣ್ಣು ತರುವುದಾದರೆ ಎರಡರಲ್ಲಿ ಒಂದಕ್ಕಾದರೂ ಆಪರೇಷನ್ ಆಗಲಿ, ಹೆಣ್ಣಿಗೇ ಆದರೆ ಒಳ್ಳೆಯದು. ಗಂಡಿಗೆ ಮಾತ್ರ ಮಾಡಿಸಿದರೆ ಕೂಲಿಯವರ ಲೈನ್ ಮನೆಗಳ ನಾಯಿಗಳು ಬೇಲಿ ಹಾರಿ ಬರುವುದು ನಿಲ್ಲುವುದಿಲ್ಲ. ಬೆದೆ ಬಾರದಂತೆ ಇಂಜೆಕ್ಷನ್ ಕೊಡಿಸೋಣ, ಅಗ್ಗ, ಸುಲಭ ಎಂದು ಯಾರಾದರೂ ಹೇಳಬಹುದು. ಬೇಡ. ಆ ಹಾರ್ಮೋನು ಪದೇ ಪದೇ ಬಿದ್ದ ನಾಯಿಗಳಲ್ಲಿ ಗರ್ಭಕೋಶಕ್ಕೆ ಕೀವು ತುಂಬುವುದು, ಮೊಲೆಗಳಲ್ಲಿ ಗಂಟು ಬರುವುದು ಹೆಚ್ಚು. ಅಕಸ್ಮಾತ್ ಕೂಡಿಬಿಟ್ಟರೆ ಎರಡೂ ನಾಯಿಗಳು ಅಂಟಿಕೊಂಡು ಹತ್ತಿಪ್ಪತ್ತು ನಿಮಿಷ, ಅರ್ಧ ಗಂಟೆ ನಿಲ್ಲುತ್ತವೆ. ಆಗ ಕಲ್ಲು ಹೊಡೆಯುವುದು, ನೀರೆರಚುವುದು, ಕೋಲಿನಿಂದ ಬಿಡಿಸುವುದು ಮಾಡಬಾರದು, ಎರಡಕ್ಕೂ ಗಾಯವಾಗುತ್ತದೆ. ಅದಾಗಿ ಒಂದೆರಡು ದಿನದಲ್ಲಿ ವೈದ್ಯರನ್ನು ಕಾಣಿ. ಮೆಡಿಕಲ್ ಅಂಗಡಿಯಲ್ಲಿ ಕೇಳಿ ಔಷಧ ತರಬೇಡಿ.

ರೈಟರ ಧೈರ್ಯದ ಮಾತಿಗೆ ಒಂದೇ ಉತ್ತರ. ಮರಿ ಹಾಕಿದ ಹೆಣ್ಣಿನ ಗೂಡಿಗೆ ಅವರನ್ನೊಮ್ಮೆ ಕೈ ಹಾಕಲು ಹೇಳಿ.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಮೊದಲ ಮಹಡಿಯ ಮನೆ. ಮಕ್ಕಳಿಗೆ ನಾಯಿ ಬೇಕು, ಕಾವಲಿಗೂ ಆಗುತ್ತದೆ. ಅತ್ತೆಯವರು ಮಡಿಯವರು, ಹೆಣ್ಣು ತಂದರೆ ಮನೆಯೆಲ್ಲ ಮೈಲಿಗೆ ಎನ್ನುತ್ತಾರೆ. ಗಂಡು ತಂದರೆ ಸೋಫಾಕ್ಕೆ ಕಾಲೆತ್ತುತ್ತದೆ ಎಂದು ನನ್ನ ಭಯ. ಯಾವುದು ಕಡಿಮೆ ಕಷ್ಟ ಅಕ್ಕ?
– ಗೃಹಿಣಿ, ಹುಬ್ಬಳ್ಳಿ

ಉತ್ತರ: ಇಬ್ಬರ ಭಯವೂ ಸುಳ್ಳಲ್ಲ. ಕಾಲೆತ್ತಿ ಗುರುತು ಹಾಕುವ ಚಾಳಿ ಗಂಡಿಗೆ ಆರು ತಿಂಗಳಿಂದ ಒಂದು ವರ್ಷದೊಳಗೆ ಬರುತ್ತದೆ. ಹೊರಗೆ ಕರೆದುಕೊಂಡು ಹೋದಾಗ ಹೆಣ್ಣು ಒಂದೆರಡು ಕಡೆ ಕುಳಿತು ಮುಗಿಸಿ ಮನೆಗೆ ಹೊರಡುತ್ತದೆ. ಗಂಡು ಪ್ರತಿ ಕಂಬ, ಪ್ರತಿ ಸ್ಕೂಟರ್ ಚಕ್ರಕ್ಕೂ ಒಂದೊಂದು ತೊಟ್ಟು ಉಳಿಸಿಟ್ಟುಕೊಂಡಿರುತ್ತದೆ. ಬೆಳಿಗ್ಗೆ ಮಕ್ಕಳ ಡಬ್ಬಿ ಕಟ್ಟುವ ಅವಸರದಲ್ಲಿರುವವರಿಗೆ ಇದು ಸಣ್ಣ ವಿಷಯವಲ್ಲ. ಸರಪಳಿ ಹಿಡಿಯುವವರು ಯಾರು ಎಂಬುದನ್ನೂ ಯೋಚಿಸಿ. ದೊಡ್ಡ ಜಾತಿಯ ಗಂಡು ಬೀದಿಯಲ್ಲಿ ಇನ್ನೊಂದು ಗಂಡನ್ನು ಕಂಡು ಎಳೆದರೆ ಹತ್ತು ವರ್ಷದ ಮಗು ಹಿಡಿದು ನಿಲ್ಲಿಸಲಾರದು, ಅತ್ತೆಯವರಂತೂ ಇಲ್ಲವೇ ಇಲ್ಲ.

ಹೆಣ್ಣಿನ ರಕ್ತಸ್ರಾವಕ್ಕೆ ಅಂಗಡಿಯಲ್ಲಿ ಚಡ್ಡಿ ಸಿಗುತ್ತದೆ, ಹಳೆಯ ಹತ್ತಿ ಬಟ್ಟೆಯದನ್ನು ಮನೆಯಲ್ಲೂ ಹೊಲಿದುಕೊಳ್ಳಬಹುದು. ಅದು ನೆಲ ಕಾಪಾಡುತ್ತದೆ, ಗಬ್ಬ ತಡೆಯುವುದಿಲ್ಲ. ಆದರೆ ಮರಿ ಬೇಡದ ಮನೆಯಲ್ಲಿ ಈ ಸಮಸ್ಯೆಯನ್ನು ಇಟ್ಟುಕೊಳ್ಳುವುದೇಕೆ? ಸಣ್ಣ ಜಾತಿ ಅಥವಾ ನಾಟಿ ಹೆಣ್ಣುಮರಿಗೆ ಮೊದಲ ಬೆದೆಗೆ ಮುಂಚೆಯೇ, ಸುಮಾರು ಆರು ತಿಂಗಳಿಗೆ ಆಪರೇಷನ್ ಮಾಡಿಸಿದರೆ ರಕ್ತವೂ ಇಲ್ಲ, ಮುಂದೆ ಮೊಲೆಯ ಗಂಟಿನ ಭಯವೂ ಬಹಳ ಕಡಿಮೆ. ಅತ್ತೆಯವರಿಗೆ ಇದನ್ನೇ ಹೇಳಿ. ಕಾವಲಿಗೆ ಬೇಕಾದ್ದು ಬಾಗಿಲ ಸಪ್ಪಳಕ್ಕೆ ಎದ್ದು ಬೊಗಳುವ ಕಿವಿ, ಅದರಲ್ಲಿ ಹೆಣ್ಣು ಯಾವ ಗಂಡಿಗೂ ಕಡಿಮೆಯಿಲ್ಲ. ದೇವರ ಕೋಣೆಗೆ ಅಡ್ಡಲಾಗಿ ಮಕ್ಕಳ ಗೇಟು ಹಾಕಿಸಿ. ಅತ್ತೆಯವರ ಜೊತೆ ಜಗಳ ಮಾಡಿಕೊಂಡು ನಾಯಿ ತರುವುದು ಮಾತ್ರ ಬೇಡ, ಮಧ್ಯಾಹ್ನ ಅದಕ್ಕೆ ಅನ್ನ ಹಾಕುವವರು ಕೊನೆಗೆ ಅವರೇ ಆಗಿರುತ್ತಾರೆ.

ಪ್ರಶ್ನೆ: ನನ್ನ ಜರ್ಮನ್ ಶೆಫರ್ಡ್ ಗಂಡಿಗೆ ಏಳು ತಿಂಗಳು. ಬಂದವರ ಮೇಲೆಲ್ಲ ಬೊಗಳುತ್ತಾನೆ, ಎಳೆಯುತ್ತಾನೆ. ಈಗಲೇ ಬೀಜ ತೆಗೆಸಿದರೆ ಸೌಮ್ಯನಾಗುತ್ತಾನೆಯೇ?
– ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ಬೊಗಳುವುದು, ಎಳೆಯುವುದು ಬೀಜದಲ್ಲಿಲ್ಲ. ಆಪರೇಷನ್‌ನಿಂದ ಅಲೆದಾಟ ತಗ್ಗುತ್ತದೆ. ಮನೆಯೊಳಗೆ ಕಾಲೆತ್ತುವುದು, ಮೈಮೇಲೆ ಹತ್ತುವುದು, ಗಂಡುಗಳ ಜೊತೆ ಜಗಳ ಹಲವು ನಾಯಿಗಳಲ್ಲಿ ಕಡಿಮೆಯಾಗುತ್ತವೆ. ಹೆದರಿಕೆಯಿಂದ ಬೊಗಳುವ ನಾಯಿ ಹೆದರುತ್ತಲೇ ಇರುತ್ತದೆ. ಅದಕ್ಕೆ ದಿನಕ್ಕೆ ಎರಡು ಸಲ ಒಳ್ಳೆಯ ನಡಿಗೆ, ತರಬೇತಿ, ಜನರ ಪರಿಚಯ ಬೇಕು. ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಹತ್ತು ಗಂಟೆ ಕೂಡಿಹಾಕಿದರೆ ನಾನಾದರೂ ಬೊಗಳುತ್ತೇನೆ.

ಜೊತೆಗೆ ನಿಮ್ಮ ತಳಿಗೆ ಆತುರ ಬೇಡ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ವಿಭಾಗದವರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ವರ್ಷದೊಳಗೆ ಆಪರೇಷನ್ ಆದ ಜರ್ಮನ್ ಶೆಫರ್ಡ್‌ಗಳಲ್ಲಿ ಕೀಲಿನ ತೊಂದರೆ ಸುಮಾರು ಮೂರು ಪಟ್ಟು ಹೆಚ್ಚು ಕಂಡಿತ್ತು. ಮೂಳೆ ಬೆಳೆದು ನಿಲ್ಲಲಿ, ಎರಡು ವರ್ಷದ ಹತ್ತಿರ ಯೋಚಿಸಿ. ಹೆಣ್ಣುಗಳಲ್ಲಿ ಬೇಗ ಮಾಡಿಸಿದರೆ ಕೆಲವಕ್ಕೆ ಮುಂದೆ ಮೂತ್ರ ತೊಟ್ಟಿಕ್ಕುವ ತೊಂದರೆಯೂ ಬರುತ್ತದೆ. ಹುಬ್ಬಳ್ಳಿಯವರಿಗೆ ಆರು ತಿಂಗಳು ಎಂದು ಹೇಳಿ ನಿಮಗೆ ಎರಡು ವರ್ಷ ಎನ್ನುತ್ತಿದ್ದೇನೆ ಎಂದು ಗೊಂದಲ ಬೇಡ. ಅಲ್ಲಿ ಸಣ್ಣ ಜಾತಿಯ ಹೆಣ್ಣು, ಇಲ್ಲಿ ದೊಡ್ಡ ಜಾತಿಯ ಗಂಡು.

ಪ್ರಶ್ನೆ: ಹೆಣ್ಣುನಾಯಿಗೆ ಒಂದು ಸೂಲಾದರೂ ಆಗದಿದ್ದರೆ ಕಾಯಿಲೆ ಬರುತ್ತದೆ ಎನ್ನುತ್ತಾರೆ. ನಮ್ಮ ಲ್ಯಾಬ್ರಡಾರ್‌ಗೆ ಏಳು ವರ್ಷ, ಮರಿ ಹಾಕಿಲ್ಲ. ಬೆದೆ ಮುಗಿದು ಒಂದು ತಿಂಗಳಾಯಿತು. ಈಗ ಬಹಳ ನೀರು ಕುಡಿಯುತ್ತಾಳೆ, ಮಂಕಾಗಿದ್ದಾಳೆ.
– ನಿವೃತ್ತ ಶಿಕ್ಷಕರು, ತುಮಕೂರು

ಉತ್ತರ: ಮೇಷ್ಟ್ರೇ, ನಿಮ್ಮ ಕಾಗದ ಬಂದ ಸಂಜೆಯೇ ಅದರಲ್ಲಿದ್ದ ನಂಬರಿಗೆ ಫೋನು ಮಾಡಿದ್ದೆ, ಅವಳ ಆಪರೇಷನ್ ಆಗಿ ಚೇತರಿಸಿಕೊಳ್ಳುತ್ತಿದ್ದಾಳೆ ಎಂದು ತಿಳಿದು ಸಮಾಧಾನವಾಯಿತು. ಇಲ್ಲಿ ಬರೆಯುತ್ತಿರುವುದು ಉಳಿದವರಿಗಾಗಿ. ನಡುವಯಸ್ಸು ದಾಟಿದ, ಆಪರೇಷನ್ ಆಗದ ಹೆಣ್ಣುನಾಯಿ ಬೆದೆ ಮುಗಿದ ಒಂದೆರಡು ತಿಂಗಳಲ್ಲಿ ಹೆಚ್ಚು ನೀರು ಕುಡಿದು, ಮೇವು ಬಿಟ್ಟು, ಮಂಕಾದರೆ ಗರ್ಭಕೋಶದಲ್ಲಿ ಕೀವು ತುಂಬಿರಬಹುದು ಎಂದೇ ತಿಳಿಯಬೇಕು. ಕೀವು ಹೊರಗೆ ಸೋರಿದರೆ ಪುಣ್ಯ, ಕಣ್ಣಿಗೆ ಕಾಣುತ್ತದೆ. ಗರ್ಭಕೋಶದ ಬಾಯಿ ಮುಚ್ಚಿಕೊಂಡಿದ್ದರೆ ಹೊಟ್ಟೆ ಊದುವವರೆಗೆ ಗೊತ್ತಾಗುವುದಿಲ್ಲ. ನಾಳೆ ನೋಡೋಣ ಎನ್ನುವ ಕಾಯಿಲೆಯಲ್ಲ. ಒಂದು ಸೂಲು ಆದರೆ ಇದು ಬರುವುದಿಲ್ಲ ಎಂಬುದಕ್ಕೆ ಆಧಾರವಿಲ್ಲ. ಬೆದೆ ಮುಗಿದು ಎರಡು ತಿಂಗಳಿಗೆ ಹೊಟ್ಟೆ, ಮೊಲೆ ಉಬ್ಬಿ, ಹಾಲೂ ಬಂದು, ಚಪ್ಪಲಿಯನ್ನೇ ಮರಿಯೆಂದು ಕಾಯುವ ಸುಳ್ಳು ಗಬ್ಬ ಮಾತ್ರ ಬೇರೆ ಸಂಗತಿ, ಹೆಚ್ಚಾಗಿ ತಾನೇ ಇಳಿಯುತ್ತದೆ.

ಗಂಡಿಗೆ ಈ ಕಾಟವಿಲ್ಲ ಎಂದು ಹಿಗ್ಗಬೇಡಿ. ವಯಸ್ಸಾದ ಗಂಡುನಾಯಿಗೆ ಪ್ರೊಸ್ಟೇಟ್ ಗ್ರಂಥಿ ಊದುತ್ತದೆ, ಗುದದ ಪಕ್ಕ ಹರ್ನಿಯಾ ಬರುತ್ತದೆ. ಬೀದಿ ಅಲೆಯುವ ಗಂಡಿಗೆ ಇನ್ನೊಂದಿದೆ: ಕೂಡುವಾಗ ಅಂಟುವ ಹೂಕೋಸಿನಂಥ ಗಡ್ಡೆ. ಜನನಾಂಗದಿಂದ ರಕ್ತ ತೊಟ್ಟಿಕ್ಕುತ್ತಿದ್ದರೆ ಪೆಟ್ಟಾಗಿದೆ ಎಂದು ಅರಿಶಿನ ಹಚ್ಚಿ ಕೂರಬೇಡಿ. ವಾರಕ್ಕೊಂದರಂತೆ ವಿಂಕ್ರಿಸ್ಟಿನ್ ಎಂಬ ಇಂಜೆಕ್ಷನ್ ನಾಲ್ಕಾರು ವಾರ ಕೊಟ್ಟರೆ ಬಹುಪಾಲು ನಾಯಿಗಳಲ್ಲಿ ಗಡ್ಡೆ ಕರಗಿಹೋಗುತ್ತದೆ. ಹೆಣ್ಣಿಗೂ ಇದು ಅಂಟುತ್ತದೆ.

ಪ್ರಶ್ನೆ: ಮೊಲದ ಬೇಟೆಗೆ ಗಂಡು ಮುಧೋಳ ಚಲೋನೋ, ಹೆಣ್ಣು ಚಲೋನೋ?
– ಹೆಸರು ಬರೆದಿಲ್ಲ, ಅಥಣಿ

ಉತ್ತರ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಮೊಲದ ಬೇಟೆ ಅಪರಾಧ. ಹೆಸರು ಬರೆಯದೆ ಜಾಣತನ ಮಾಡಿದ್ದೀರಿ.

ಪ್ರಶ್ನೆ: ಶಾಲೆಯಿಂದ ಬರುವಾಗ ಮೋರಿಯ ಹತ್ತಿರ ಚೀಲದಲ್ಲಿ ಮೂರು ನಾಯಿಮರಿ ಬಿಟ್ಟಿದ್ದರು. ಮೂರೂ ಹೆಣ್ಣು. ಒಂದನ್ನು ನಾನು ತಂದಿದ್ದೇನೆ, ಎರಡನ್ನು ಗೆಳೆಯರು ತೆಗೆದುಕೊಂಡರು. ಅಮ್ಮ ಗಂಡಾಗಿದ್ದರೆ ಇಟ್ಟುಕೊಳ್ಳಬಹುದಿತ್ತು ಎನ್ನುತ್ತಾರೆ. ಏನು ಮಾಡಲಿ?
– ಎಂಟನೇ ತರಗತಿ, ಅರಕಲಗೂಡು

ಉತ್ತರ: ಚೀಲದಲ್ಲಿ ಬಿಟ್ಟವರು ಗಂಡುಮರಿಗಳನ್ನು ಮನೆಯಲ್ಲಿ ಉಳಿಸಿಕೊಂಡಿರುತ್ತಾರೆ, ಬೇಕಾದರೆ ಹೋಗಿ ನೋಡು. ಊರೂರಿನಲ್ಲಿ ಹೀಗೆ ಬಿಸಾಡಿದ ಹೆಣ್ಣುಮರಿಗಳಲ್ಲಿ ಬದುಕಿದ್ದು ದೊಡ್ಡದಾಗಿ ಮತ್ತೆ ಮರಿ ಹಾಕುತ್ತದೆ, ಮತ್ತೆ ಚೀಲ, ಮತ್ತೆ ಮೋರಿ. ಬಿಸಾಡುವವರಿಗೆ ಒಂದು ಆಪರೇಷನ್ ಖರ್ಚಿನಂತೆ ಕಾಣುತ್ತದೆ, ಇದು ಕಾಣುವುದಿಲ್ಲ.

ಅಮ್ಮನಿಗೆ ಈ ಪುಟ ಓದಿಸು. ಮರಿಗೆ ಹಸುವಿನ ಹಾಲೊಂದನ್ನೇ ಹಾಕಬೇಡ, ಮೆತ್ತಗೆ ಕಲಸಿದ ಅನ್ನಕ್ಕೆ ಬೆಂದ ಮೊಟ್ಟೆ ಬೆರೆಸಿ ದಿನಕ್ಕೆ ನಾಲ್ಕು ಸಲ ಸ್ವಲ್ಪ ಸ್ವಲ್ಪ ಕೊಡು. ಮೂರು ತಿಂಗಳಾಗುವವರೆಗೆ ಎರಡು ವಾರಕ್ಕೊಮ್ಮೆ ಜಂತುಹುಳದ ಔಷಧ, ತೂಕ ನೋಡಿ ಆಸ್ಪತ್ರೆಯಲ್ಲಿ ಕೊಡುತ್ತಾರೆ. ಪಾರ್ವೊ, ಡಿಸ್ಟೆಂಪರ್ ಲಸಿಕೆ ಆರರಿಂದ ಎಂಟು ವಾರಕ್ಕೆ ಶುರು, ನಾಲ್ಕು ತಿಂಗಳವರೆಗೆ ಮೂರು ನಾಲ್ಕು ವಾರಕ್ಕೊಮ್ಮೆ. ರೇಬಿಸ್ ಲಸಿಕೆ ಮೂರು ತಿಂಗಳಿಗೆ, ಒಂದು ತಿಂಗಳು ಬಿಟ್ಟು ಇನ್ನೊಂದು, ಆಮೇಲೆ ವರ್ಷಕ್ಕೊಂದು. ಅಷ್ಟರೊಳಗೆ ಅದು ಆಟದಲ್ಲಿ ಹಲ್ಲು ತಾಗಿಸಿದರೂ ಸೋಪು ಹಾಕಿ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗು, ಅಮ್ಮನಿಂದ ಮುಚ್ಚಿಡಬೇಡ. ಆರು ತಿಂಗಳಾದಾಗ ಮೂವರು ಗೆಳೆಯರೂ ಮೂರು ಮರಿಗಳನ್ನೂ ಒಂದೇ ದಿನ ಆಪರೇಷನ್‌ಗೆ ಕರೆದುಕೊಂಡು ಹೋಗಿ. ಹಿಂದಿನ ರಾತ್ರಿಯಿಂದ ಊಟ ಹಾಕಬಾರದು. ಜೊತೆಗೆ ಒಬ್ಬರಾದರೂ ದೊಡ್ಡವರು ಬರಲಿ, ಒಪ್ಪಿಗೆ ಪತ್ರಕ್ಕೆ ಸಹಿ ಬೇಕಾಗುತ್ತದೆ.